ಹಳೆಯ ಮರಕ್ಕೆ ಹೊಸ ಹೊಳಪು ಬೇಡ

ತೊಟ್ಟಿಮನೆಯೋ ಗುತ್ತಿನ ಮನೆಯೋ ಪಾಲಾಗಿ, ಕಡೆಗೊಮ್ಮೆ ನೆಲಸಮವಾಗುವಾಗ ಅದರೊಳಗಿನ ಮರದ ಸಾಮಾನು ಎರಡು ದಾರಿ ಹಿಡಿಯುತ್ತದೆ. ಮುರಿದದ್ದು, ಕುಟ್ಟೆ ಹಿಡಿದದ್ದು ಗುಜರಿಯವರ ಲಾರಿ ಹತ್ತುತ್ತದೆ, ಇಲ್ಲವೇ ಬಚ್ಚಲೊಲೆ ಸೇರುತ್ತದೆ. ಗಟ್ಟಿಯಾಗಿ ಉಳಿದದ್ದು ಮಕ್ಕಳ ಫ್ಲ್ಯಾಟಿಗೋ ಹಳೆ ಸಾಮಾನಿನ ಅಂಗಡಿಗೋ ಹೋಗುತ್ತದೆ. ಹೋಗುವ ಮುನ್ನ ಅದು ಪಾಲಿಶ್ ಶೆಡ್ಡಿನಲ್ಲಿ ಇಳಿಯುತ್ತದೆ. ಅಲ್ಲಿ ಬಣ್ಣ ಕೀಳುವ ರಾಸಾಯನಿಕ ಬಳಿದು, ಯಂತ್ರಕ್ಕೆ ಉಪ್ಪುಕಾಗದ ಸಿಕ್ಕಿಸಿ ಉಜ್ಜಿ, ಮರದ ಹಸಿ ಮೈ ಕಾಣುವವರೆಗೆ ಕೆರೆದು, ಮೇಲೆ ಮೆಲಮೈನ್ ಅಥವಾ ಪಾಲಿಯುರೆಥೇನ್ (ಪಿಯು) ಹೊಳಪು ಸಿಂಪಡಿಸುತ್ತಾರೆ. ಮನೆಗೆ ಬಂದವರೆಲ್ಲ ಚೆನ್ನಾಗಿದೆ ಎನ್ನುತ್ತಾರೆ. ಒಲೆ ಸೇರಿದ್ದರ ಬಗ್ಗೆ ನಾವು ಮರುಗುತ್ತೇವೆ, ಪಾಲಿಶ್ ಆಗಿ ಬಂದದ್ದನ್ನು ಉಳಿಸಿಕೊಂಡೆವು ಎಂದು ಹೇಳಿಕೊಳ್ಳುತ್ತೇವೆ. ನನ್ನ ತಕರಾರು ಈ ಉಳಿಸಿಕೊಂಡ ಸಾಮಾನಿನ ಬಗ್ಗೆಯೇ. ಹಳೆಯ ಪೀಠೋಪಕರಣದ ಬೆಲೆ ಅದರ ಮೇಲ್ಮೈಯಲ್ಲಿದೆ, ಜೋಡಣೆಯಲ್ಲಿದೆ. ಹೊಸದರಂತೆ ಮಾಡುವ ಕೆಲಸ ಇವೆರಡನ್ನೂ ಅಳಿಸುತ್ತದೆ. ಆದ್ದರಿಂದ ಹಳೆಯದನ್ನು ಕೊಳ್ಳುವವರು ಹೊಳಪು ಕಂಡೊಡನೆ ಅನುಮಾನಪಡಬೇಕು. ಮನೆಯಲ್ಲಿ ಇಟ್ಟುಕೊಂಡವರು ಮತ್ತೆ ಬಿಡಿಸಲಾಗದಂಥ ಯಾವ ಕೆಲಸವನ್ನೂ ಅದರ ಮೇಲೆ ಮಾಡಿಸಬಾರದು.

ಮೇಲ್ಮೈ ಎಂದರೆ ಏನು ಎಂಬುದನ್ನು ಮೊದಲು ನೋಡೋಣ. ನಮ್ಮ ಕಡೆಯ ಹಳೆಯ ಕುರ್ಚಿ, ಮೇಜು, ಬೀರುಗಳಿಗೆ ಹೆಚ್ಚಾಗಿ ಹಾಕುತ್ತಿದ್ದುದು ಅರಗಿನ ಪಾಲಿಶ್. ಮರದ ಕೊಂಬೆಗಳ ಮೇಲೆ ಬದುಕುವ ಪುಟ್ಟ ಕೀಟವೊಂದು ಸ್ರವಿಸುವ ಅಂಟನ್ನು ಶುದ್ಧಮಾಡಿ, ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆ ಸುತ್ತಿದ ಹತ್ತಿಯ ಉಂಡೆಯಿಂದ ತೆಳ್ಳಗೆ, ಒಂದರ ಮೇಲೊಂದರಂತೆ ಹತ್ತಾರು ಪದರ ತೀಡುವ ಕೆಲಸ ಅದು. ಚನ್ನಪಟ್ಟಣದ ಗೊಂಬೆಯ ಮಿನುಗು ಕೂಡ ಅರಗಿನದೇ, ತಿರುಗಣಿಯ ಮೇಲೆ ಹಿಡಿದದ್ದು. ಈ ತೆಳು ಪದರದ ಕೆಳಗೆ ಮರ ಸುಮ್ಮನೆ ಕೂತಿರುವುದಿಲ್ಲ. ಬೆಳಕಿಗೆ ಬೀಟೆಯ ಕಡುನೇರಳೆ ಛಾಯೆ ತಿಳಿಯಾಗುತ್ತ ಕಂದುಗೆಂಪಿಗೆ ತಿರುಗುತ್ತದೆ, ತೇಗ ಜೇನಿನ ಬಣ್ಣಕ್ಕೆ ಬರುತ್ತದೆ. ಕೈಯ ಜಿಡ್ಡು, ಒರೆಸಿದ ಬಟ್ಟೆ, ದೀಪದ ಹೊಗೆ, ಮತ್ತೆ ಮತ್ತೆ ತೀಡಿದ ಮೇಣ ಎಲ್ಲವೂ ಸೇರಿ ಹಲವು ದಶಕಗಳಲ್ಲಿ ಒಂದು ಆಳ ಹುಟ್ಟುತ್ತದೆ. ಆ ಆಳ ಕಾಣುವುದಕ್ಕೆ ಆಳವೇ ಹೊರತು ಅಳತೆಯಲ್ಲಿ ಒಂದು ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಯಂತ್ರಕ್ಕೆ ಸಿಕ್ಕಿಸಿದ ಉಪ್ಪುಕಾಗದಕ್ಕೆ ಅದು ಕೆಲವು ನಿಮಿಷಗಳ ಕೆಲಸ. ಹೋದ ಮೇಲೆ ಅದೇ ಬಣ್ಣ ಮತ್ತೆ ಬರಬೇಕಾದರೆ ಅಷ್ಟೇ ಕಾಲ ಹಿಡಿಯುತ್ತದೆ. ಬಣ್ಣದ ಡಬ್ಬಿಯಿಂದ ಅದನ್ನು ತರಲು ಆಗುವುದಿಲ್ಲ. ಹೊಸ ಬೀಟೆಯ ಹಲಗೆಗೆ ಕಪ್ಪು ಬಣ್ಣ ಹಚ್ಚಿ ಮೆಲಮೈನ್ ಸಿಂಪಡಿಸಿದ್ದಕ್ಕೂ ಕೆರೆದು ಮತ್ತೆ ಹೊಳಪಿಸಿದ ಹಳೆಯ ಬೀಟೆಗೂ ವ್ಯತ್ಯಾಸ ಹೇಳಲು ಎಷ್ಟೋ ಸಲ ಅನುಭವಸ್ಥರಿಗೇ ಕಷ್ಟ. ಹಾಗಾದ ಮೇಲೆ ಹಳೆಯದಕ್ಕೆ ಹೆಚ್ಚು ದುಡ್ಡು ಯಾಕೆ ಕೊಡಬೇಕು?

ಕೊಳ್ಳುವವರಿಗೆ ಈ ಪ್ರಶ್ನೆ ಇನ್ನೂ ನೇರವಾಗಿ ಮುಖ್ಯ, ಏಕೆಂದರೆ ವಸ್ತುವಿನ ವಯಸ್ಸಿಗೆ ಸಾಕ್ಷಿ ಹೇಳುವುದು ಈ ಮೇಲ್ಮೈ ಮತ್ತು ಜೋಡಣೆಗಳೇ. ವ್ಯಾಪಾರಿ ಹೇಳುವ ಕಥೆ ಸಾಕ್ಷಿಯಲ್ಲ. ಅರಮನೆಯಿಂದ ಬಂದದ್ದು, ದೊರೆಗಳ ಬಂಗಲೆಯಿಂದ ಬಂದದ್ದು ಎಂದು ಯಾರು ಬೇಕಾದರೂ ಹೇಳಬಹುದು. ಕುರ್ಚಿಯನ್ನು ತಲೆಕೆಳಗು ಮಾಡಿ, ಡ್ರಾಯರನ್ನು ಪೂರ್ತಿ ಹೊರಗೆಳೆದು, ಬೀರುವಿನ ಬೆನ್ನನ್ನು ಗೋಡೆಯಿಂದ ತಿರುಗಿಸಿ ನೋಡಬೇಕು. ಕಣ್ಣಿಗೆ ಬೀಳದ ಭಾಗಗಳನ್ನು ಹಳೆಯ ಆಚಾರಿ ನುಣುಪು ಮಾಡುತ್ತಿರಲಿಲ್ಲ. ಹತ್ತರಿ ಹೊಡೆದ ಸಣ್ಣ ತಗ್ಗುಗಳು ಅಲ್ಲಿ ಬೆರಳಿಗೆ ಸಿಗುತ್ತವೆ. ಕೈಗರಗಸದ ಗೀಟುಗಳು ನೇರ, ಆದರೆ ಒಂದರಿಂದೊಂದು ಸಮದೂರದಲ್ಲಿರುವುದಿಲ್ಲ. ಚಕ್ರಗರಗಸದ ಗೀಟುಗಳು ಕಮಾನಿನಂತೆ ಬಾಗಿರುತ್ತವೆ. ಡ್ರಾಯರಿನ ಮೂಲೆಯ ಡವ್‌ಟೇಲ್ ಹಲ್ಲುಗಳನ್ನು ಕೈಯಲ್ಲಿ ಕಡಿದಿದ್ದರೆ ಅವುಗಳ ಅಗಲ ಒಂದೇ ಸಮ ಇರುವುದಿಲ್ಲ, ಆಚಾರಿ ಗುರುತಿಗೆಂದು ಎಳೆದ ಸಣ್ಣ ಗೆರೆ ಪಕ್ಕದಲ್ಲೇ ಕಾಣುತ್ತದೆ. ಸ್ಕ್ರೂ ಒಂದನ್ನು ಬಿಚ್ಚಿ ನೋಡಲು ವ್ಯಾಪಾರಿ ಒಪ್ಪಿದರೆ ಅದು ದೊಡ್ಡ ಪುರಾವೆ. ತುದಿ ಚೂಪಾದ ಸ್ಕ್ರೂ ಕಾರ್ಖಾನೆಗಳಿಂದ ದೊಡ್ಡ ಪ್ರಮಾಣದಲ್ಲಿ ಬರತೊಡಗಿದ್ದು 1840ರ ದಶಕದ ನಡುವಿನಿಂದ. ಅದಕ್ಕೂ ಹಿಂದಿನದಾದರೆ ತುದಿ ಮೊಂಡಾಗಿರುತ್ತದೆ. ತಲೆಯಲ್ಲಿ ಕೂಡಿಸುವ ಚಿಹ್ನೆಯಂಥ ಸೀಳು ಇರುವ ಸ್ಕ್ರೂ 1930ರ ದಶಕದ ನಂತರದ್ದು. ವಿಕ್ಟೋರಿಯಾ ಕಾಲದ್ದೆಂದು ಮಾರುವ ಮೇಜಿನ ಅಡಿಯಲ್ಲಿ ಅಂಥ ಸ್ಕ್ರೂ ಸಿಕ್ಕರೆ ಒಂದೋ ಅದು ರಿಪೇರಿಯಾಗಿದೆ ಇಲ್ಲವೇ ಕಥೆ ಸುಳ್ಳು. ಸ್ಕ್ರೂ ಸುತ್ತಲಿನ ಮರದಲ್ಲಿ ಹಳೆಯ ತೂತಿನ ಗುರುತಿದೆಯೇ ಎಂಬುದರಿಂದ ಯಾವುದೆಂದು ತಿಳಿಯುತ್ತದೆ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಪರೀಕ್ಷೆಗೆ ಒಂದು ಅಳತೆಪಟ್ಟಿ ಸಾಕು. ಮರ ಒಣಗುತ್ತ ಕುಗ್ಗುವುದು ಎಳೆಗಳ ಅಡ್ಡಕ್ಕೆ. ಉದ್ದಕ್ಕೆ ಅದು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಹಾಗಾಗಿ ನೂರು ವರ್ಷದ ಹಿಂದೆ ದುಂಡಗೆ ಕೊರೆದ ಗಟ್ಟಿಮರದ ಮೇಜಿನ ಹಾಸು ಇಂದು ದುಂಡಗಿರುವುದಿಲ್ಲ. ಎಳೆಯ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಅಳೆದರೆ ಅಡ್ಡಳತೆ ಕಡಿಮೆ ಬರುತ್ತದೆ. ತಿರುಗಣಿಯಲ್ಲಿ ಕಡೆದ ದಪ್ಪ ಕಾಲಿನಲ್ಲೂ ಇದೇ ವ್ಯತ್ಯಾಸ ಸಿಗುತ್ತದೆ. ಬಣ್ಣ ಹಚ್ಚಬಹುದು, ಸರಪಳಿಯಿಂದ ಹೊಡೆದು ಗಾಯ ಮಾಡಬಹುದು, ಚಹಾ ಡಿಕಾಕ್ಷನ್ ಬಳಿದು ಕಪ್ಪಾಗಿಸಬಹುದು. ಎಳೆಯ ಅಡ್ಡಕ್ಕೆ ಬೇಕಾದಷ್ಟೇ ಕುಗ್ಗಿಸಿ ತೋರಿಸುವ ಮೋಸಗಾರ ಅಪರೂಪ. ಸವೆತವನ್ನೂ ಹೀಗೆಯೇ ವಿಚಾರಿಸಿಕೊಳ್ಳಬೇಕು. ಮನುಷ್ಯ ಕೂತ ಕುರ್ಚಿಯಲ್ಲಿ ಸವೆಯುವುದು ಕೈಯ ತುದಿ, ಮುಂದಿನ ಅಡ್ಡಪಟ್ಟಿಯಲ್ಲಿ ಕಾಲಿಡುವ ಜಾಗ, ಹಿಂದಕ್ಕೆ ವಾಲಿದಾಗ ನೆಲ ಮುಟ್ಟುವ ಹಿಂಗಾಲಿನ ಅಂಚು. ಡ್ರಾಯರ್ ಓಡುವ ಪಟ್ಟಿಯಲ್ಲಿ ಜಾಡು ಬಿದ್ದಿರುತ್ತದೆ. ಯಾರ ಕೈಯೂ ಕಾಲೂ ತಾಗಲು ಸಾಧ್ಯವಿಲ್ಲದ ಕಡೆಯಲ್ಲೂ ಒಂದೇ ಸಮ ಸವೆತ ಕಂಡರೆ ಅದು ಅಂಗಡಿಯಲ್ಲೇ ಆದದ್ದು. ಗಮನಿಸಿ, ಇಷ್ಟು ಪುರಾವೆಗಳಲ್ಲಿ ಹೆಚ್ಚಿನವು ಒಂದು ಸಲ ಯಂತ್ರದಲ್ಲಿ ಉಜ್ಜಿಸಿದರೆ ಹೋಗುತ್ತವೆ. ಹತ್ತರಿಯ ತಗ್ಗು, ಗುರುತಿನ ಗೆರೆ, ಅಂಚಿನ ಸವೆತ ಎಲ್ಲವೂ ಸಮತಟ್ಟಾಗುತ್ತವೆ. ಪಾಲಿಶ್ ಮಾಡಿಸಿದವರು ತಮ್ಮ ವಸ್ತುವಿನ ಜನ್ಮಪತ್ರವನ್ನು ತಾವೇ ಹರಿದು ಹಾಕಿದಂತೆ.

ಹಳೆಯ ಮನೆಯ ತೊಲೆ, ಬಾಗಿಲವಾಡಗಳ ಮರದಿಂದ ಈಗ ಮಾಡಿದ ಬೆಂಚುಗಳೂ ಮೇಜುಗಳೂ ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಮರದ ಮರುಬಳಕೆ ಒಳ್ಳೆಯ ಕೆಲಸ, ಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಬೆಲೆ ಕೊಡಬೇಕಾದದ್ದು ಒಳ್ಳೆಯ ಮರಕ್ಕೆ, ವಯಸ್ಸಿಗಲ್ಲ. ಅರ್ಥವಿಲ್ಲದ ಜಾಗದಲ್ಲಿ ಮುಚ್ಚಿದ ಮೊಳೆತೂತು, ಚಿಲಕ ಕೂತಿದ್ದ ಗುಂಡಿ ಕಂಡರೆ ಅದು ಇಂಥದ್ದು ಎಂದು ತಿಳಿಯಬೇಕು. ಇನ್ನು ಕಾನೂನು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷಕ್ಕೂ ಹಳೆಯದಾದ ಕುಶಲಕೆಲಸದ ವಸ್ತು ಪ್ರಾಚ್ಯವಸ್ತುವಾಗುತ್ತದೆ, ಕಟ್ಟಡದಿಂದ ಬಿಚ್ಚಿದ ಕೆತ್ತನೆಯ ಬಾಗಿಲು ಕಂಬಗಳೂ ಅದರಲ್ಲಿ ಸೇರುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಅಜ್ಜಿಯ ಪೆಟ್ಟಿಗೆಯನ್ನು ಅಮೆರಿಕಕ್ಕೆ ಸಾಗಿಸಬೇಕೆಂದಿರುವ ಕನ್ನಡಿಗರು ಇದನ್ನು ಮೊದಲೇ ತಿಳಿದಿರಬೇಕು. ಅದು ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ಪಡೆಯಬೇಕಾಗುತ್ತದೆ. ಬೀಟೆಯದಾದರೆ ಇನ್ನೊಂದು ತೊಡಕಿದೆ: 2017ರಿಂದ ಬೀಟೆಯ ಇಡೀ ಕುಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ. ದಂತದ ಕೆಲಸವಿರುವ ಮೈಸೂರು ಬೀಟೆಯ ಮೇಜು, ಪೆಟ್ಟಿಗೆ ಎಷ್ಟೇ ಚಂದ ಕಂಡರೂ ಕೊಳ್ಳಬೇಡಿ. ಮೈಸೂರು ಅರಮನೆಯ ಅಂಬಾವಿಲಾಸದ ಬಾಗಿಲಿನಲ್ಲಿ ಆ ಕೆಲಸವನ್ನು ಕಣ್ತುಂಬ ನೋಡಬಹುದು. ಮನೆಗೆ ಕೊಂಡು ತರುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಕೆರೆದು ಹೊಳಪಿಸುವುದರ ನಷ್ಟ ಎಷ್ಟು ದೊಡ್ಡದು ಎಂಬುದು ಕಲಘಟಗಿಯ ತೊಟ್ಟಿಲನ್ನು ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ. ಧಾರವಾಡ ಜಿಲ್ಲೆಯ ಕಲಘಟಗಿಯ ಚಿತ್ರಗಾರರು ತೇಗದ ತೊಟ್ಟಿಲಿನ ಹಲಗೆಗಳ ಮೇಲೆ ರಾಮಾಯಣ, ಮಹಾಭಾರತ, ಕೃಷ್ಣಲೀಲೆಯ ಪ್ರಸಂಗಗಳನ್ನು ಬಿಡಿಸಿ ಅರಗಿನ ಬಣ್ಣಗಳಿಂದ ತುಂಬುತ್ತಾರೆ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಒಂದೇ ತೊಟ್ಟಿಲು ಮೂರು ನಾಲ್ಕು ತಲೆಮಾರು ತೂಗಿದೆ. ಬಣ್ಣ ಅಲ್ಲಲ್ಲಿ ಎದ್ದಿರುತ್ತದೆ, ಎಣ್ಣೆ ಮಸಿಯಿಂದ ಮಂಕಾಗಿರುತ್ತದೆ, ಮಗುವಿನ ಕಾಲು ಒದ್ದ ಜಾಗದಲ್ಲಿ ಚಿತ್ರವೇ ಮಾಸಿರುತ್ತದೆ. ಇದನ್ನು ಒಯ್ದು ಬಣ್ಣ ಕೀಳಿಸಿ, ಒಳಗಿನ ತೇಗವನ್ನು ಹೊಳೆಯಿಸಿ ಗಿಡದ ಕುಂಡ ಇಡಲು ಬಳಸುವವರಿದ್ದಾರೆ. ಅವರ ಕೈಯಲ್ಲಿ ಉಳಿಯುವುದು ನಾಲ್ಕು ತುಂಡು ಒಳ್ಳೆಯ ತೇಗ. ಚಿತ್ರ ಬಿಡಿಸಿದ ಕೈ, ಬಣ್ಣದ ಲೆಕ್ಕಾಚಾರ, ಆ ಮನೆತನ ಸಾಗಿದ ಬಗೆ ಒಂದೂ ಉಳಿಯುವುದಿಲ್ಲ. ತೊಟ್ಟಿಲಿನ ವಿಷಯದಲ್ಲಿ ಇದು ತಪ್ಪೆಂದು ಯಾರಾದರೂ ಒಪ್ಪುತ್ತಾರೆ, ಏಕೆಂದರೆ ಅಲ್ಲಿ ಚಿತ್ರವಿದೆ. ಚಿತ್ರವಿಲ್ಲದ ಆರಾಮಕುರ್ಚಿಯ ಮೈಮೇಲೂ ಕಳೆದುಹೋಗುವುದು ಅಂಥದೇ. ಅದನ್ನು ಓದಲು ಸ್ವಲ್ಪ ಹೆಚ್ಚು ತಾಳ್ಮೆ ಬೇಕು, ಅಷ್ಟೇ.

ಇದಕ್ಕೆ ಬರುವ ಮೊದಲ ಆಕ್ಷೇಪ ಗೃಹಿಣಿಯರದು, ಅದು ನ್ಯಾಯವಾದದ್ದೂ ಹೌದು: ಹಾಗಾದರೆ ಕೊಳೆಯನ್ನು ಹಾಗೇ ಇಟ್ಟುಕೊಳ್ಳಬೇಕೆ? ಬೇಡವೇ ಬೇಡ. ಶುಚಿ ಮಾಡುವುದು ಬೇರೆ, ಕೆರೆಯುವುದು ಬೇರೆ. ಮೆತ್ತನೆಯ ಕುಂಚದಿಂದ ಸಂದುಗಳ ದೂಳು ತೆಗೆದು, ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಹತ್ತಿಬಟ್ಟೆಯಿಂದ ಒರೆಸಿ, ಕೂಡಲೇ ಒಣಬಟ್ಟೆಯಿಂದ ಒರೆಸಿದರೆ ಅರ್ಧ ಮಂಕು ಅಲ್ಲೇ ಹೋಗುತ್ತದೆ. ಜಿಡ್ಡು ಹೆಚ್ಚಿದ್ದರೆ ನೀರಿಗೆ ಒಂದೆರಡು ಹನಿ ಸೌಮ್ಯವಾದ ಸೋಪು ಸಾಕು. ಆಮೇಲೆ ಜೇನುಮೇಣ ಬೆರೆತ ಪಾಲಿಶನ್ನು ತೀರ ತೆಳ್ಳಗೆ ಹಚ್ಚಿ, ಆರಿದ ಮೇಲೆ ಉಜ್ಜಬೇಕು. ವರ್ಷಕ್ಕೆ ಒಂದೆರಡು ಸಲಕ್ಕಿಂತ ಹೆಚ್ಚು ಬೇಡ. ಪ್ರತಿ ಹಬ್ಬಕ್ಕೂ ಕೊಬ್ಬರಿಎಣ್ಣೆ, ಅಗಸೆಎಣ್ಣೆ ಸವರುವ ಅಭ್ಯಾಸ ಬಿಡಬೇಕು. ಅಗಸೆಎಣ್ಣೆ ಗಾಳಿಗೆ ಗಟ್ಟಿಯಾಗಿ, ದೂಳು ಹಿಡಿದು, ಕಾಲಕ್ರಮದಲ್ಲಿ ಕಪ್ಪು ಅಂಟಾಗುತ್ತದೆ. ಎರಡನೆಯ ಆಕ್ಷೇಪ: ಹಳೆಯ ಪಾಲಿಶೇ ಹಾಳಾಗಿದ್ದರೆ? ಬಿಸಿ ಲೋಟ ಇಟ್ಟ ಬಿಳಿ ವೃತ್ತ, ಬಿರುಕು, ಉದುರಿದ ಪದರ ಇವೆಲ್ಲ ನಿಜವಾದ ತೊಂದರೆಗಳು. ಅರಗಿನ ದೊಡ್ಡ ಗುಣ ಇಲ್ಲೇ ಕೆಲಸಕ್ಕೆ ಬರುವುದು. ಅದು ಎಷ್ಟು ಹಳೆಯದಾದರೂ ಸ್ಪಿರಿಟ್‌ಗೆ ಮೆತ್ತಗಾಗುತ್ತದೆ. ಆದ್ದರಿಂದ ಬಲ್ಲವರು ಇದ್ದ ಪದರವನ್ನೇ ಮೆತ್ತಗೆ ಮಾಡಿ, ಹರಡಿ, ಬೇಕಾದಲ್ಲಿ ಹೊಸ ಅರಗು ಕೂಡಿಸಿ ಸರಿಪಡಿಸುತ್ತಾರೆ. ಮರದ ಮೈಯನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಮೆಲಮೈನ್, ಪಿಯುಗಳು ಹಾಗಲ್ಲ. ಒಮ್ಮೆ ಗಟ್ಟಿಯಾದರೆ ಯಾವ ಸ್ಪಿರಿಟ್‌ಗೂ ಬಗ್ಗುವುದಿಲ್ಲ. ಹತ್ತು ಹದಿನೈದು ವರ್ಷದಲ್ಲಿ ಅವು ಎದ್ದು ಬಂದಾಗ ಮತ್ತೆ ಕೆರೆಯಲೇಬೇಕು. ಹೀಗೆ ಎರಡು ಮೂರು ಸಲ ಕೆರೆಸಿಕೊಂಡ ಕೆತ್ತನೆಯ ಹೂವಿಗೆ ದಳ ಉಳಿಯುವುದಿಲ್ಲ.

ಜೋಡಣೆಯ ವಿಷಯದಲ್ಲೂ ಇದೇ ನ್ಯಾಯ. ಒಂದು ತುಂಡಿಗೆ ತೂತು ಕೊರೆದು ಇನ್ನೊಂದರ ತುದಿಯನ್ನು ಅದರೊಳಗೆ ಕೂರಿಸಿ, ಅಡ್ಡಲಾಗಿ ಮರದ ಗೂಟ ಬಡಿಯುವುದು ಹಳೆಯ ಕ್ರಮ. ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ತೆಗೆದ ಮರವಜ್ರವೇ ಅಂಟು. ಆ ಅಂಟಿಗೆ ಬಿಸಿ ಮತ್ತು ತೇವ ತಾಗಿಸಿದರೆ ಬಿಡುತ್ತದೆ, ಹಾಗಾಗಿ ಅಲುಗಾಡುವ ಕುರ್ಚಿಯನ್ನು ಪೂರ್ತಿ ಬಿಚ್ಚಿ ಮತ್ತೆ ಕೂರಿಸಬಹುದು. ಇಂದಿನ ಬಿಳಿ ಅಂಟನ್ನೋ ಎಪಾಕ್ಸಿಯನ್ನೋ ತುಂಬಿ, ಮೇಲಿಂದ ಕಬ್ಬಿಣದ ಎಲ್ ಪಟ್ಟಿಗೆ ಸ್ಕ್ರೂ ಹೊಡೆದರೆ ಆ ದಿನಕ್ಕೆ ಗಟ್ಟಿಯಾಗುತ್ತದೆ. ಮುಂದೆ ಮರ ಹಿಗ್ಗಿ ಕುಗ್ಗುವಾಗ ಬಿಡಬೇಕಾದ ಸಂದು ಬಿಡದೆ, ಪಕ್ಕದ ಮರವೇ ಸೀಳುತ್ತದೆ. ಸಂದು ಬಿಟ್ಟರೆ ರಿಪೇರಿ, ಮರ ಸೀಳಿದರೆ ಹೊಸ ಕಾಲು. ಬೆತ್ತದ ಆಸನ ಜೋಲುಬಿದ್ದರೆ ಕೂಡಲೇ ಕಿತ್ತು ಪ್ಲಾಸ್ಟಿಕ್ ಹೆಣೆಸಬೇಡಿ. ಎಳೆ ತುಂಡಾಗಿಲ್ಲದಿದ್ದರೆ ಅಡಿಯಿಂದ ಬಿಸಿನೀರಿನ ಬಟ್ಟೆಯಲ್ಲಿ ಚೆನ್ನಾಗಿ ನೆನೆಸಿ, ಮರಕ್ಕೆ ನೀರು ತಾಗದಂತೆ ನೋಡಿಕೊಂಡು, ನೆರಳಿನ ಗಾಳಿಗೆ ಒಣಗಿಸಿದರೆ ಬೆತ್ತ ತಾನೇ ಬಿಗಿಯುತ್ತದೆ.

ನಮ್ಮ ಹವೆಗೆ, ನಮ್ಮ ಮನೆವಾರ್ತೆಗೆ ತಕ್ಕ ಕೆಲವು ಎಚ್ಚರಿಕೆಗಳನ್ನು ಪರದೇಶದ ಪುಸ್ತಕಗಳು ಹೇಳುವುದಿಲ್ಲ. ಅವುಗಳಲ್ಲಿ ಮುಖ್ಯವಾದದ್ದು ನೆಲ ಒರೆಸುವ ನೀರು. ದಿನಾ ಒದ್ದೆಬಟ್ಟೆ ಹಾಯುವ ನೆಲದಲ್ಲಿ ಮೇಜಿನ ಕಾಲಿನ ತುದಿ ನೀರು ಕುಡಿಯುತ್ತಲೇ ಇರುತ್ತದೆ, ಏಕೆಂದರೆ ಅಲ್ಲಿ ಎಳೆಗಳ ಬಾಯಿ ತೆರೆದಿರುತ್ತದೆ. ಹಳೆಯ ಬೀರುಗಳ ಕಾಲು ಮೊದಲು ಲಡ್ಡಾಗುವುದು ಇದರಿಂದ. ಹಿತ್ತಾಳೆಯ ಸಣ್ಣ ಬಟ್ಟಲು, ಕಲ್ಲಿನ ಬಿಲ್ಲೆ, ಗಟ್ಟಿಮರದ ತುಂಡು ಯಾವುದನ್ನಾದರೂ ಕಾಲಿನಡಿ ಕೊಟ್ಟು ಅರ್ಧ ಅಂಗುಲ ಎತ್ತರಿಸಿದರೆ ಸಾಕು. ಆಮೇಲೆ ಗಾಳಿಯ ತೇವ. ಮಲೆನಾಡು ಕರಾವಳಿಗಳಲ್ಲಿ ಆಷಾಢ ಶ್ರಾವಣದಲ್ಲಿ ಡ್ರಾಯರ್ ಬಿಗಿಯುತ್ತದೆ. ಆಗ ಬಡಗಿಯನ್ನು ಕರೆಸಿ ಹತ್ತರಿ ಹೊಡೆಸಿದರೆ ಬೇಸಗೆಯಲ್ಲಿ ಅದೇ ಡ್ರಾಯರ್ ಗಡಗಡ ಅಲುಗುತ್ತದೆ. ಓಡುವ ಪಟ್ಟಿಗೆ ಮೇಣದಬತ್ತಿ ಉಜ್ಜಿ, ಮಳೆ ಮುಗಿಯುವವರೆಗೆ ಕಾಯಬೇಕು. ಮಲೆನಾಡಿನ ಮನೆಯಿಂದ ಬೆಂಗಳೂರಿನ ಒಣಹವೆಗೆ, ಅದರಲ್ಲೂ ಏಸಿ ಕೋಣೆಗೆ ಬಂದ ಬೀರು ಮೊದಲ ಬೇಸಗೆಯಲ್ಲೇ ಬಿರುಕು ಬಿಡುವುದುಂಟು. ಏಸಿಯ ಗಾಳಿ ನೇರವಾಗಿ ಬೀಳದ, ಕಿಟಕಿಯ ಬಿಸಿಲು ತಾಗದ ಒಳಗೋಡೆಯ ಬಳಿ ಅದಕ್ಕೆ ಜಾಗ ಕೊಡಿ; ಗೋಡೆಗೆ ತೀರ ಅಂಟಿಸಬೇಡಿ. ಕುಟ್ಟೆಯ ವಿಷಯದಲ್ಲಿ ಗಾಬರಿ ಬೇಡ, ಉದಾಸೀನವೂ ಬೇಡ. ತೂತು ಕಂಡ ಮಾತ್ರಕ್ಕೆ ಹುಳು ಇದೆಯೆಂದಲ್ಲ. ತೂತಿನ ಒಳಮೈ ಮರದ ಹೊಸ ಬಣ್ಣದ್ದಾಗಿದ್ದು, ಕೆಳಗೆ ಹಿಟ್ಟಿನಂಥ ಪುಡಿ ಒರೆಸಿದಂತೆಲ್ಲ ಮತ್ತೆ ಬೀಳುತ್ತಿದ್ದರೆ ಹುಳು ಬದುಕಿದೆ. ಹೆಚ್ಚಾಗಿ ಅದು ಹಿಡಿಯುವುದು ಹೊರಗಿನ ಬಿಳಿಮರವನ್ನು. ತೇಗ, ಬೀಟೆಗಳ ಚೇಗಿಗೆ ಅದರ ಕಾಟ ಕಡಿಮೆ. ಹುಳು ಬದುಕಿರುವ ವಸ್ತುವನ್ನು ಉಳಿದ ಸಾಮಾನಿನಿಂದ ದೂರ ಇಟ್ಟು ಕೂಡಲೇ ಚಿಕಿತ್ಸೆ ಮಾಡಿಸಬೇಕು. ಸೀಮೆಎಣ್ಣೆ ಸುರಿಯುವುದು ಚಿಕಿತ್ಸೆಯಲ್ಲ. ಕಲೆ, ವಾಸನೆ ಉಳಿಯುತ್ತದೆ, ಆಳದಲ್ಲಿರುವ ಮರಿಹುಳುವಿಗೆ ಅದು ತಲುಪುವುದೂ ಇಲ್ಲ.

ಮನೆ ಮ್ಯೂಸಿಯಂ ಅಲ್ಲ, ಕುರ್ಚಿ ಇರುವುದು ಕೂರುವುದಕ್ಕೆ ಎನ್ನುವವರ ಮಾತು ಸರಿ, ನನ್ನ ವಾದಕ್ಕೆ ಅದು ಬೆಂಬಲವೇ. ಬಳಕೆ ಮೇಲ್ಮೈಯನ್ನು ಕಟ್ಟುತ್ತದೆ. ಕೂರಿ, ಬರೆಯಿರಿ, ತೂಗುಮಂಚದಲ್ಲಿ ಮಕ್ಕಳನ್ನು ತೂಗಿ. ಹೀಗೆ ದಿನವೂ ಬಳಸಿದ್ದಕ್ಕಿಂತ ಒಂದೇ ಸಲದ ಪಾಲಿಶ್ ಹೆಚ್ಚು ಹಾನಿ ಮಾಡುತ್ತದೆ. ಇದೆಲ್ಲ ದುಡ್ಡಿದ್ದವರ ಹವ್ಯಾಸ ಎಂಬ ಮಾತೂ ಕೇಳಿಬರುತ್ತದೆ. ಕೊಳ್ಳುವುದು ದುಬಾರಿಯಿರಬಹುದು, ಕಾಪಾಡುವುದು ದುಬಾರಿಯಲ್ಲ. ಹಿಂಡಿದ ಬಟ್ಟೆ, ಒಂದು ಡಬ್ಬಿ ಮೇಣ, ಕಾಲಿನಡಿಯ ಬಿಲ್ಲೆ ಇವುಗಳ ಖರ್ಚು ಮೆಲಮೈನ್ ಕೆಲಸದ ಬಿಲ್ಲಿನ ಒಂದು ಚೂರೂ ಆಗದು. ಪಾಲಿಶ್ ಕೆಲಸಗಾರರ ಅನ್ನದ ಪ್ರಶ್ನೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು. ಅವರು ಕೆರೆಯುವುದು ನಾವು ಕೇಳುವುದರಿಂದ. ಹೊಸದರಂತೆ ಮಾಡಿಕೊಡಿ ಎನ್ನುವ ಗಿರಾಕಿ, ಎರಡು ದಿನದಲ್ಲಿ ಮುಗಿಸಿ ಎನ್ನುವ ಗಿರಾಕಿ ಇರುವವರೆಗೆ ಯಂತ್ರವೇ ಗೆಲ್ಲುತ್ತದೆ. ಕೈಯಲ್ಲಿ ಅರಗು ತೀಡುವ ಕೆಲಸಕ್ಕೆ ಹೆಚ್ಚು ದಿನ, ಹೆಚ್ಚು ನುರಿತ ಕೈ ಬೇಕು. ಅದಕ್ಕೆ ತಕ್ಕ ಕೂಲಿ ಕೊಡಲು ಸಿದ್ಧರಾದರೆ ಕೆಲಸಗಾರನಿಗೆ ನಷ್ಟವಿಲ್ಲ, ಲಾಭವಿದೆ. ರಾಸಾಯನಿಕದ ಹೊಗೆ, ಉಜ್ಜಿದ ದೂಳು ಅವನ ಎದೆಗೆ ಹೋಗುವುದೂ ತಪ್ಪುತ್ತದೆ.

ಇನ್ನೊಂದು ಆಕ್ಷೇಪ ಇವೆಲ್ಲಕ್ಕಿಂತ ಆಳವಾದದ್ದು. ಈ ಕುರ್ಚಿಗಳು ಯಾರವು? ಜಮೀನ್ದಾರರವು, ಪಟೇಲರವು, ಕಾಫಿ ತೋಟದ ದೊರೆಗಳವು. ಆ ಕುರ್ಚಿಯ ಮುಂದೆ ಕೈಕಟ್ಟಿ ನಿಂತವರ ಮಕ್ಕಳು ಅದನ್ನು ಯಾಕೆ ಪೂಜಿಸಬೇಕು? ಪೂಜಿಸಬೇಕಿಲ್ಲ. ಕೂತವರ ದೊಡ್ಡಸ್ತಿಕೆಯನ್ನು ಉಳಿಸುವುದಕ್ಕಾಗಿ ಕುರ್ಚಿ ಉಳಿಸಿ ಎಂದು ನಾನು ಹೇಳುತ್ತಿಲ್ಲ. ಕೂತವರ ಹೆಸರು ಕಾಗದಪತ್ರಗಳಲ್ಲಿ, ಗೋಡೆಯ ಫೋಟೊಗಳಲ್ಲಿ ಹೇಗೂ ಉಳಿದಿದೆ. ಮಾಡಿದ ಆಚಾರಿಯ ಹೆಸರು ಎಲ್ಲೂ ಇಲ್ಲ. ಅವನು ಮರ ಆರಿಸಿದ್ದು, ಎಳೆ ನೋಡಿ ಕಾಲಿನ ಬಾಗು ತೆಗೆದದ್ದು, ಉಳಿ ಎಲ್ಲಿ ನಿಂತಿತು ಎಲ್ಲಿ ಜಾರಿತು ಎಂಬುದು ಉಳಿದಿರುವುದು ಆ ಮರದ ಮೇಲೆ ಮಾತ್ರ. ಡ್ರಾಯರಿನ ಹಿಂಬದಿಯಲ್ಲಿ ಅವನು ಎಳೆದ ಗುರುತಿನ ಗೆರೆ ಅವನ ಸಹಿ. ಯಂತ್ರ ಹಿಡಿದು ಉಜ್ಜಿದಾಗ ಜಮೀನ್ದಾರನಿಗೆ ಏನೂ ನಷ್ಟವಾಗುವುದಿಲ್ಲ. ಅಳಿದು ಹೋಗುವುದು ಆ ಸಹಿ.

ಮನೆಗಳ ಮಾತು ಇಷ್ಟಾದರೆ, ಸಾರ್ವಜನಿಕ ಕಟ್ಟಡಗಳ ಸ್ಥಿತಿಗೆ ಚಂಡೀಗಢ ದೊಡ್ಡ ಪಾಠ. ಆ ನಗರದ ವಾಸ್ತುಶಿಲ್ಪಿ ಲ ಕಾರ್ಬುಸಿಯೆಯ ಜೊತೆಗಾರ ಪಿಯರ್ ಜನ್ನರೆ 1950ರ ದಶಕದಿಂದ ಅಲ್ಲಿನ ಕಚೇರಿ, ವಿಶ್ವವಿದ್ಯಾಲಯ, ಕೋರ್ಟುಗಳಿಗಾಗಿ ತೇಗ ಮತ್ತು ಬೆತ್ತದ ಕುರ್ಚಿಗಳನ್ನು ರೂಪಿಸಿದರು. ಮುಂದೆ ಅವು ಹಳೆಯವಾದವೆಂದು ತಾರಸಿಗಳಲ್ಲಿ ರಾಶಿ ಬಿದ್ದು, ಗುಜರಿ ಬೆಲೆಗೆ ಹರಾಜಾದವು. ವಿದೇಶಿ ವ್ಯಾಪಾರಿಗಳು ಕೊಂಡೊಯ್ದು ಯುರೋಪು ಅಮೆರಿಕಗಳ ಹರಾಜುಗಳಲ್ಲಿ ಲಕ್ಷಗಳಿಗೆ ಮಾರಿದರು. ಕೇಂದ್ರ ಗೃಹ ಸಚಿವಾಲಯ ಅವುಗಳ ಮಾರಾಟ ತಡೆಯಲು ಆದೇಶ ಹೊರಡಿಸಿದ್ದು 2011ರಲ್ಲಿ. ನೂರು ವರ್ಷ ಆಗಿಲ್ಲವಾದ್ದರಿಂದ 1972ರ ಕಾಯ್ದೆ ಅವಕ್ಕೆ ಅನ್ವಯಿಸುವುದಿಲ್ಲ. ಕರ್ನಾಟಕದ ತಾಲ್ಲೂಕು ಕಚೇರಿಗಳು, ನ್ಯಾಯಾಲಯಗಳು, ನೂರು ದಾಟಿದ ಶಾಲೆಗಳು, ಪ್ರವಾಸಿ ಬಂಗಲೆಗಳಲ್ಲಿ ಮೈಸೂರು ಸಂಸ್ಥಾನದ ಕಾಲದ, ಮದ್ರಾಸು ಮುಂಬಯಿ ಪ್ರಾಂತಗಳ ಕಾಲದ ಮೇಜು, ಬೀರು, ಆರಾಮಕುರ್ಚಿಗಳಿವೆ. ಸ್ಟೀಲ್ ಬೀರು, ಪ್ಲಾಸ್ಟಿಕ್ ಕುರ್ಚಿ ಬಂದಾಗ ಅವು ನಿರುಪಯುಕ್ತ ಸಾಮಗ್ರಿಯ ಪಟ್ಟಿ ಸೇರುತ್ತವೆ. ಆ ಪಟ್ಟಿಗೆ ಸಹಿ ಬೀಳುವ ಮುನ್ನ ಪ್ರತಿಯೊಂದರ ಫೋಟೊ, ಅಳತೆ, ಮರದ ಹೆಸರು, ಅಡಿಭಾಗದ ಗುರುತುಗಳನ್ನು ದಾಖಲಿಸಬೇಕು. ಪುರಾತತ್ವ ಇಲಾಖೆಯವರು ನೋಡಿ ಒಪ್ಪಿದ ಮೇಲಷ್ಟೇ ಹರಾಜಿಗೆ ಹೋಗಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಮನೆಯಲ್ಲಿ ಹಳೆಯ ಮರ ಇರುವವರು ಸುತ್ತೋಲೆಗೂ ಕಾಯಬೇಕಿಲ್ಲ. ಹತ್ತಿಗೆ ಒಂದು ಹನಿ ಸ್ಪಿರಿಟ್ ಹಾಕಿ, ಕಾಣದ ಮೂಲೆಯೊಂದರಲ್ಲಿ ಒತ್ತಿ ನೋಡಿ. ಮೈ ಅಂಟಂಟಾಗಿ ಹತ್ತಿಗೆ ಕಂದು ಬಣ್ಣ ಹತ್ತಿದರೆ ಮೇಲಿರುವುದು ಅರಗು. ಅದಕ್ಕೆ ಯಂತ್ರ ಮುಟ್ಟಿಸಲು ಯಾರಿಗೂ ಬಿಡಬೇಡಿ.